ಐನೂರಾ ಐವತ್ತರ ರ್ಯಾಕು

ಓದಿಲ್ಲ ನಾ. ಎತ್ತೇನಿ.
ಇಪ್ಪತ್ತೊಂದು ವರ್ಷ ಈ ಲೈಬ್ರರಿಯೊಳಗ
ಎತ್ತೇನಿ, ಇಳಿಸೇನಿ, ಧೂಳಾ ಝಾಡಿಸೇನಿ.
ಕವಿತಾ ಹಗೂರ. ಕಾಯಿದೆ ವಜ್ಜ.
ಎಲ್ಲಾದಕ್ಕಿಂತ ವಜ್ಜ ಐನೂರಾ ಐವತ್ತು,
ಭೂಮಿ, ಕಲ್ಲು, ಖನಿಜ, ಭೂಕಂಪ.
ಆ ರ್ಯಾಕಿನ ಕೆಳಗ ಶಹಾಬಾದ ಫರಸಿ
ಒಂದು ಬೆರಳಷ್ಟು ಕುಸದೈತಿ.
ಅದಕ್ಕ ಹೊಸಾ ಹುಡುಗೂರಿಗೆ ಹೇಳತೇನಿ:
ನಂಬರ್ ಮರತ್ರ ಕಾಲಿಲೆ ಹುಡುಕ್ರಿ,
ಎಲ್ಲಿ ನೆಲಾ ತಗ್ಗೈತಿ, ಅಲ್ಲೇ ನೆಲದ ಪುಸ್ತಕ.

ಶ್ರಾವಣದ ಒಂದು ಮಂಗಳವಾರ
ಮುಂಡರಗಿ ಕಡಿಯಾಕಿ ಒಬ್ಬಾಕಿ ಬಂದ್ಲು.
ಶಮಶಾದ ಕಿಲ್ಲೇದಾರ, ಎಮ್ಮೆಸ್ಸಿ ಎರಡನೇ ವರ್ಷ.
ಕಂಪ್ಯೂಟರಿನ ಮುಂದ ಕುಂತು "ಭೂಮಿ" ಅಂತ ಒತ್ತಿದ್ಲು.
ಬಂತು: ಭೂಸುಧಾರಣಾ ಕಾಯಿದೆ, ಭೂದಾನ,
ಪಹಣಿ ತಿದ್ದುಪಡಿಯ ಕೈಪಿಡಿ.
"ಕಲ್ಲು" ಅಂತ ಒತ್ತಿದ್ಲು. ವೀರಗಲ್ಲು ಬಂದ್ವು,
ಮಾಸ್ತಿಗಲ್ಲು ಬಂದ್ವು, ಒಂದು ಗುಡಿಯ ಹದಿನಾರು ಕಂಬ ಬಂದ್ವು.
"ಮಣ್ಣು" ಅಂದ್ರ, ಕೃಷಿ ವಿಶ್ವವಿದ್ಯಾಲಯಕ್ಕ ಹೋಗ್ರಿ,
ಊರಿನ ಆ ಕಡೆ, ಎತ್ತಿನಗುಡ್ಡ.
"ನೀರು" ಅಂತ ಒತ್ತೂದರಾಗ ಕರೆಂಟು ಹೋತು.

ನಗು ಬಂತಾಕಿಗೆ. ನಗುವಾಗ ಅಂಗೈ ಬಾಯಿ ಮ್ಯಾಲ.
ನಾಚಿಕಿ ಅಂತ ತಿಳದೆ ನಾ.

ಮೊಬೈಲಿನ ಬೆಳಕು ಹಿಡಕೊಂಡು ಹೊಂಟ್ವಿ
ಹಿಂದಿನ ಸಾಲಿಗೆ, ಖಿಡಕಿ ಮಗ್ಗಲಕ.
ನಕಾಶೆಯ ಡ್ರಾವರ್ ಎಳದ್ರ ಬರಲಿಲ್ಲ.
ಬಂತು ಒಮ್ಮಿಗಲೇ. ಮಡಿಚಿದಲ್ಲೆ ಹರದ ಗದಗ,
ಇಲಿ ತಿಂದ ಲಕ್ಷ್ಮೇಶ್ವರ.
ಕಪ್ಪತಗುಡ್ಡ ಮಾತ್ರ ಹಸರು ಬಣ್ಣದಾಗ ಗಟ್ಟಿ ಕುಂತಿತ್ತು.
"ಇದು ಕಾಡಿನ ಹಸರಲ್ಲ ಕಾಕಾ, ಕಲ್ಲಿನ ಹಸರು.
ಇನ್ನೂರೈವತ್ತು ಕೋಟಿ ವರ್ಷದ್ದು."
ನಾ ಲೆಕ್ಕಾ ಹಾಕಿದೆ, ಹಳೇ ಚಟ:
ದಿನಕ್ಕ ಒಂದು ರೂಪಾಯಿ ದಂಡ...
ಯಾರು ಕಟ್ಟಬೇಕು?

ಆಕಿಗೆ ಬೇಕಾಗಿದ್ದು ಗುಡ್ಡ ಅಲ್ಲ, ಬಾವಿ.
ಕೆಳಗಿನ ಸಾಲಿನಾಗ ಥೀಸೀಸುಗಳು,
ಕರೇ ರೆಕ್ಸಿನ್ನು, ಬೆನ್ನಿನ ಬಂಗಾರದ ಅಕ್ಷರ ಸವದು
ಬರದವರ ಹೆಸರ ಉಳದಿಲ್ಲ.
ಫರಸಿ ಮ್ಯಾಲ ಕುಂತು ಒಂದೊಂದ ತಗದ್ಲು.
ಹನ್ನೊಂದನೇದ್ದರಾಗ ಬೆರಳು ನಿಂತು.
ಟೈಪ್‌ರೈಟರಿನ ಕೋಷ್ಟಕ, ಎಪ್ಪತ್ತಾರನೇ ಇಸವಿ:
ಹಳ್ಳಿ, ಬಾವಿಯ ಆಳ, ಉಪ್ಪು, ಫ್ಲೋರೈಡು.
ಆಕಿ ಊರು ಇತ್ತು. ಆಕಿ ಓಣಿಯ ಬಾವಿ ಇತ್ತು,
"ಅಗಸಿ ಹತ್ತಿರ" ಅಂತ ಬರದಿತ್ತು.
ನಾಕು ಪಾಯಿಂಟ್ ಎರಡು.

"ಒಂದೂವರಿ ದಾಟಬಾರದು" ಅಂದ್ಲು.
ಆಮ್ಯಾಲ ಕೈ ತಗದು ಮಾತಾಡಿದ್ಲು.
ಹಲ್ಲಿನ ಮ್ಯಾಲ ಅಡ್ಡಡ್ಡ ಕಂದು ಗೆರಿ,
ನಕಾಶೆಯ ಅಂಚಿಗೆ ಬರದ ಪದರಿನ ಹಂಗ.
"ಕಲ್ಲಿಂದ ನೀರಿಗೆ, ನೀರಿಂದ ಹಲ್ಲಿಗೆ. ಅಷ್ಟ.
ಅಮ್ಮೀಗೆ ಮೊಣಕಾಲಿಗೂ ಇಳದೈತಿ.
ಸಾಲ್ಯಾಗ ಮಾಸ್ತರು, ತಿಕ್ಕೊಂಡು ಬಾ ಅಂತ
ಹೊರಗ ನಿಲ್ಲಸ್ತಿದ್ರು."

ಆ ಪುಸ್ತಕ ನಾ ಮೂರು ಸಲ ಎತ್ತೇನಿ.
ಗ್ವಾಡಿಗೆ ಬಣ್ಣಾ ಹಚ್ಚುವಾಗ ಒಮ್ಮೆ,
ಗೆದ್ದಲ ಹತ್ತಿದಾಗ ಒಮ್ಮೆ,
ಬಾರ್‌ಕೋಡ್ ಅಂಟಸಾಕ ಒಮ್ಮೆ.
ಎರಡು ಕಿಲೋಕ್ಕ ಒಂದೀಟು ಕಡಿಮಿ.
ತೂಕ ಗೊತ್ತಿತ್ತು ನನಗ.

ಥೀಸೀಸು ಮನಿಗೆ ಕೊಡೂದಿಲ್ಲ, ರೂಲು.
ಝೆರಾಕ್ಸಿನಾಂವನೂ ಕರೆಂಟಿನ ದಾರಿ ಕಾಯಾಕತ್ತಿದ್ದ.
ಕೈಲೆ ಬರಕೊಂಡ್ಲು, ಮೂವತ್ತೆಂಟು ಹಳ್ಳಿ,
ಮೂವತ್ತೆಂಟು ಬಾವಿ.
ಬ್ಯಾಟರಿ ಮುಗಿಯೂತನಕ ನಾ ಬೆಳಕು ಹಿಡದು ನಿಂತೆ,
ಮುಗದಮ್ಯಾಲ ಖಿಡಕಿ ತಗದೆ.
ಐದೂವರಿ ಬಸ್ಸಿಗೆ ಓಡಿದ್ಲು,
ಪೆನ್ನಿನ ಟೊಪಗಿ ಫರಸಿ ಮ್ಯಾಲೇ ಬಿಟ್ಟು.

ಕಾರ್ಡಿನ ಮರದ ಪೆಟಗಿ ಇನ್ನೂ ಐತಿ,
ಮೆಟ್ಟಲ ಕೆಳಗ. ಯಾರೂ ಎಳೆಯೂದಿಲ್ಲ,
ಮ್ಯಾಲ ಪಾರಿವಾಳದ ಹಿಕ್ಕಿ.
ಮರುದಿನ ಬೀಗದ ಕೈ ತಂದು
'ಹ' ಅನ್ನೂ ಖಾನೆ ತಗದೆ.
ಖಾಲಿ ಕಾರ್ಡೊಂದು ಹುಡುಕಿ ಪೆನ್ಸಿಲ್ಲಿಲೆ ಬರದೆ.
ಸಾಹೇಬರನ್ನ ಕೇಳಿಲ್ಲ, ಕೇಳೂದೂ ಇಲ್ಲ:

ಹಲ್ಲು.
ನೋಡಿ: ೫೫೧.೪೯