ರೇಡಿಯೋ ಸದ್ದು ಸ್ವಲ್ಪ ಕಡಿಮೆ ಮಾಡಿ

ಮಂಗಳವಾರ ನಾಲ್ಕು ಗಂಟೆ. ಫ್ಯಾನು ಆಫ್.
ಗೋಡೆಗೆ ಅಂಟಿಸಿದ ಮೊಟ್ಟೆ ಟ್ರೇಗಳ ಗುಳಿಯಲ್ಲಿ ಸೋಸಿ
ಮಂಡ್ಯ ಬಸ್‌ಸ್ಟ್ಯಾಂಡಿನ ಹಾರನ್ನು
ನೊಣದಷ್ಟಾಗಿ ಒಳಬರುತ್ತದೆ.
ಗಾಜಿನಾಚೆ ಸುಕನ್ಯಾ ಮೈಕಿಗೆ ಬಾಗಿ
'ಕೇಳುಗರೇ, ಇಂದು ನಮ್ಮೊಂದಿಗೆ' ಅನ್ನುತ್ತಾಳೆ.
ಆಹಾರ ಇಲಾಖೆಯ ಸಾಹೇಬರು
ನೀರು ಕುಡಿದು ಲೋಟವನ್ನು ಸದ್ದಾಗದಂತೆ ಇಡುವುದನ್ನು
ಆಗಲೇ ಕಲಿತಿದ್ದಾರೆ.

ನನ್ನ ಕೆಲಸ ಗಾಜಿನ ಈಚೆ.
ಫೋನು ಎತ್ತಬೇಕು, ಹೆಸರು ಊರು ಬರೆಯಬೇಕು,
ಬೈಯುವವರನ್ನು ತಡೆಯಬೇಕು, ಅಳುವವರಿಗೆ ಒಂದು ನಿಮಿಷ ಕೊಡಬೇಕು,
ಎಲ್ಲರಿಗೂ ಒಂದೇ ಮಾತು ಹೇಳಬೇಕು:
ನಿಮ್ಮ ರೇಡಿಯೋ ಸದ್ದು ಸ್ವಲ್ಪ ಕಡಿಮೆ ಮಾಡಿ.
ಇಲ್ಲದಿದ್ದರೆ ಅವರ ದನಿ ನಮ್ಮಲ್ಲಿಗೆ ಬಂದು, ಅವರ ಮನೆಗೆ ಹೋಗಿ,
ಮತ್ತೆ ನಮ್ಮಲ್ಲಿಗೆ ಬಂದು, ತನ್ನ ಬಾಲ ತಾನೇ ಕಚ್ಚಿಕೊಂಡು
ಕುಯ್ಯೋ ಅನ್ನುತ್ತದೆ.

ಕೆರಗೋಡಿನ ಬೋರಲಿಂಗಯ್ಯ:
ಬೀದಿದೀಪ ಹಗಲೆಲ್ಲ ಉರೀತದೆ, ಕತ್ಲಾದ್ರೆ ಆರೋಯ್ತದೆ.
ಆ ಇಲಾಖೆಯವರು ಇವತ್ತು ಬಂದಿಲ್ಲ ಅಂದೆ.
'ಬಂದಾಗ ಯೋಳಿ. ಹಗ್ಲೊತ್ತೇ ಬರ್ಲಿ, ದೀಪ ಅದೆ, ದಾರಿ ಕಾಣ್ತದೆ.'
ಕೊಪ್ಪದ ಹುಡುಗಿ: ಏಳೂವರೆ ಬಸ್ಸು ನಿಲ್ಲಿಸೋದೇ ಇಲ್ಲ ಸಾರ್,
ಪಾಸಿರೋರನ್ನ ಕಂಡ್ರೆ ಗೇರ್ ಬದಲಾಯಿಸ್ತಾನೆ.
ಪಾಂಡವಪುರದಿಂದ ಯಾರೋ, ಊರಷ್ಟೇ ಹೇಳಿ,
ಒಂದಿಷ್ಟು ಹೊತ್ತು ಉಸಿರಾಡಿ ಇಟ್ಟುಬಿಟ್ಟರು.
ಅದನ್ನೂ ಬರೆದುಕೊಂಡೆ: ಪಾಂಡವಪುರ, ಉಸಿರು.

ನಾಲ್ಕು ಇಪ್ಪತ್ತಕ್ಕೆ ಮಳವಳ್ಳಿ ಕಡೆಯ ಕೆಂಪಾಜಮ್ಮ.
ಮೂವತ್ತು ವರ್ಷ ರೇಷ್ಮೆಗೂಡು ಬೇಯುವ ನೀರಿಗೆ
ಬೆರಳದ್ದಿ ಎಳೆಯ ತುದಿ ಹುಡುಕಿದವಳು.
'ಎಬ್ಬೆಟ್ಟು ಮಡುಗಿದ್ರೆ ಮಿಸೀನು ಒಪ್ಪಾಕಿಲ್ಲ ಸ್ವಾಮಿ,
ನಾನು ನಾನಲ್ಲ ಅಂತದೆ.
ಮೂರು ತಿಂಗ್ಳಾಯ್ತು ಅಕ್ಕಿ ಕಂಡು.'

ಮೊಬೈಲಿಗೆ ಒಟಿಪಿ ಬರುತ್ತೆ, ಅಂದರು ಸಾಹೇಬರು.
'ಮೊಬೈಲು ಪಕ್ಕದ್ಮನೆ ಹೈದುಂದು. ಈಗ್ಲೂ ಅದ್ರಲ್ಲೇ ಮಾತಾಡ್ತಿವ್ನಿ.'
ಕಣ್ಣಿನ ಪಾಪೆ ತೋರಿಸಬಹುದು.
'ಪೊರೆ ಬಂದದೆ.'
ಅರ್ಜಿ ಕೊಡಿ, ಪರಿಶೀಲಿಸ್ತೀವಿ.
'ಕೊಟ್ಟಿವ್ನಿ. ಅದ್ಕೂ ಎಬ್ಬೆಟ್ಟೇ ಒತ್ತಿಸ್ಕಂಡ್ರು.'

ಆಗ ಶುರುವಾಯಿತು ಕುಯ್ಯೋ.
ನಾನು ನಡುವೆ ಬಾಯಿ ಹಾಕಿದೆ: ಅಮ್ಮಾ, ರೇಡಿಯೋ ಸದ್ದು
'ಕಮ್ಮಿ ಮಾಡಾಕಿಲ್ಲ ಕಣಪ್ಪ.
ಜಗ್ಲಿ ಮ್ಯಾಲೆ ಮಡುಗಿವ್ನಿ, ಎದ್ರುಗೇ ಸೊಸೈಟಿ, ಕೇಳ್ಲಿ ಅವ್ನು.
ಅದ್ರಲ್ಲೀಗ ಮಾತಾಡ್ತಿರೋದು ನಾನೇ ಅಲ್ವಾ?
ಬೀದೀಲಿ ಓಗೋರೆಲ್ಲ ನಿಂತ್ಕಂಡು
ಕೆಂಪಾಜಿ ದನಿ, ಕೆಂಪಾಜಿ ದನಿ ಅಂತಾವ್ರೆ.
ಒಬ್ರೂ ಅಲ್ಲ ಅನ್ನಲಿಲ್ಲ.'

ಗಾಜಿನಾಚೆ ಯಾರೂ ತುಟಿ ಬಿಚ್ಚಲಿಲ್ಲ.
ಹನ್ನೊಂದು ಸೆಕೆಂಡು
ಮೀಟರಿನ ಮುಳ್ಳು ಕೆಂಪಿಗೆ ಒರಗಿ ಅಲ್ಲೇ ನಿಂತಿತು.
ಸಾಹೇಬರು ಲೋಟ ಇಟ್ಟರು, ಈ ಸಲ ಸದ್ದಾಯಿತು.
ಸುಕನ್ಯಾ ಜಾಹೀರಾತಿಗೆ ಹೋದಳು: ಹಿಂಡಿ, ಬೂಸಾ.

ಬುಧವಾರ ಬೆಳಿಗ್ಗೆ ಮರುಪ್ರಸಾರ.
ಅದಕ್ಕೆ ಮೊದಲು ಕತ್ತರಿಸುವವನು ನಾನು:
ಕೆಮ್ಮು, ತಡವರಿಕೆ, ಕುಯ್ಯೋ.
ಐದು 'ಪರಿಶೀಲಿಸ್ತೀವಿ'ಗಳಲ್ಲಿ ನಾಲ್ಕು ತೆಗೆದೆ.
ಆ ಹನ್ನೊಂದು ಸೆಕೆಂಡನ್ನು ಪರದೆಯ ಮೇಲೆ ಹಿಗ್ಗಿಸಿದರೆ
ಒತ್ತೊತ್ತಾಗಿ ಗೆರೆ, ಗೆರೆಗೆ ತಾಗಿ ಗೆರೆ.
ಹೆಬ್ಬೆಟ್ಟಿನ ಗುರುತು ಅಂದುಕೊಂಡೆ.
ಅಂದುಕೊಂಡಿದ್ದಕ್ಕೆ ನಾಚಿಕೆಯಾಯಿತು.
ಇದನ್ನು ತೋರಿಸಿದರೆ ಯಾವ ಸೊಸೈಟಿಯಲ್ಲೂ
ಒಂದು ಪಾವು ಅಕ್ಕಿ ಹುಟ್ಟುವುದಿಲ್ಲ.
ಆದರೂ ಹಾಗೇ ಬಿಟ್ಟೆ.

ಮುಂದಿನ ಮಂಗಳವಾರ ಬೋರಲಿಂಗಯ್ಯನೇ ಮೊದಲು.
ದೀಪ ಈಗ ಹಗ್ಲೂ ಉರಿಯಾಕಿಲ್ಲವಂತೆ.
ಇಡುವ ಮುಂಚೆ ಕೇಳಿದ:
'ಆ ಮಳವಳ್ಳಿ ಅಮ್ಮಂಗೆ ಅಕ್ಕಿ ಸಿಕ್ತಾ?'
ಪುಸ್ತಕದಲ್ಲಿ ಆ ಸಾಲಿನ ಕೊನೆಯ ಮನೆ ಖಾಲಿ ಇತ್ತು.
ಗೊತ್ತಿಲ್ಲ ಅಂದೆ.

ಮತ್ತೆ ಫೋನು. ಪಾಂಡವಪುರ, ಅದೇ ಉಸಿರು,
ಹಿಂದೆ ಎಲ್ಲೋ ಜೋರಾಗಿ ನಮ್ಮದೇ ಕಾರ್ಯಕ್ರಮ.
ನಾನು ಸದ್ದಿನ ಮಾತೆತ್ತದೆ
ಪೆನ್ನು ಹಿಡಿದು ಕೂತೆ.