ಹಗ್ಗದ ಲೆಕ್ಕ

ಕೇಪ್ ಕೋಸ್ಟ್ ದಾಟಿ ಎರಡು ಟ್ರೋ-ಟ್ರೋ ಬದಲಿಸಿದರೆ ನಮ್ಮ ದಂಡೆ.
ಒಂದು ದೋಣಿ, ಒಂದು ಬಲೆ, ಮೂವತ್ತೆಂಟು ಜನ:
ಇದಕ್ಕೇ ಇಲ್ಲಿ ಕಂಪನಿ ಅನ್ನುವುದು.
ಕಚೇರಿಯಿಲ್ಲ, ಬೋರ್ಡಿಲ್ಲ.
ಮಗುಚಿಟ್ಟ ಬೋಗುಣಿಯ ಮೇಲೆ ಕೂತು
ಲೆಕ್ಕ ಬರೆಯುವ ಗುಮಾಸ್ತೆ ನಾನು, ಅರಾಬಾ,
ಮೀನು ಹೊಗೆಗಿಡುವ ಎಕುವಾಳ ಮಗಳು.

ಬಲೆ ಬಿಟ್ಟು ಬಂದ ದೋಣಿ ಎರಡು ತುದಿ ಕೊಡುತ್ತದೆ,
ಮೂಡಣದ ಸಾಲಿಗೊಂದು, ಪಡುವಣದ ಸಾಲಿಗೊಂದು.
ನಡುವೆ ಅರ್ಧ ಮೈಲಿ ಮರಳು, ಅಲೆಯ ಅಬ್ಬರ.
ಎಳೆಯುವವನಿಗೆ ಕಾಣುವುದು ಮುಂದಿನವನ ಬೆನ್ನು.
ಆ ಸಾಲು ಎಷ್ಟು ಎಳೆಯಿತೆಂದು
ಬಲೆಗೆ ಗೊತ್ತು, ಅದಕ್ಕೆ ಬಾಯಿಲ್ಲ.

ಅಕ್ರಾಕ್ಕೆ ಹೋದ ಯಜಮಾನ ಎಗ್ಯಾ ಅಮಿಸ್ಸಾ
ಕೈಮೈಕು ತಂದ, ಕೆಂಪು ಕೊಂಬಿನದು.
ದೋಣಿಯ ಮೂತಿಯ ಮೇಲೆ ನಿಂತು ಕೂಗಿದ:
ಮೂಡಣದವರು ಎಳೀರಿ! ಪಡುವಣದವರು ಮೆಲ್ಲಗೆ!
ಗಾಳಿ ತನಗೆ ಬೇಕಾದಷ್ಟು ತಿಂದು
ಉಳಿದದ್ದನ್ನು ಹಂಚಿತು:
ಮೂಡಣಕ್ಕೆ ‘ಮೆಲ್ಲಗೆ’ ಸಿಕ್ಕಿತು,
ಪಡುವಣಕ್ಕೆ ‘ಎಳೀರಿ’.
ಎತ್ತು ಏರಿಗೆ, ಕೋಣ ನೀರಿಗೆ.
ಬಲೆ ಓರೆಯಾಗಿ, ಸಡಿಲ ಬಿದ್ದ ಕಡೆ ಬಾಯ್ದೆರೆದು
ಆಗಸ್ಟಿನ ಬೂತಾಯಿಯನ್ನು, ಅಷ್ಟೂ ಬೆಳ್ಳಿಯನ್ನು,
ಬಂದ ದಾರಿಗೇ ಸುರಿಯಿತು.

ಅರ್ಧ ಮೈಲಿ ದಾಟಲಾರದ ಮಾತು
ಬೈಗುಳವಾದ ಮೇಲೆ ಸಲೀಸಾಗಿ ದಾಟಿತು.

ಮಂಗಳವಾರ ಕಡಲಿಗೆ ರಜೆ. ಅಜ್ಜಂದಿರ ಕಟ್ಟಳೆ.
ಹರಿದ ಬಲೆಗೂ ಹರಿದ ಮಾತಿಗೂ
ಹೊಲಿಗೆ ಹಾಕುವ ದಿನ.
ಬಾದಾಮಿ ಮರದಡಿ ಪಡುವಣದ ಡಾಡ್ಜಿ ಅಂದ:
ಅಫುಲ್‌ನ ಸಾಲು ನಿಂತೇ ನಿದ್ದೆ ಮಾಡುತ್ತದೆ.
ಅಫುಲ್ ಅಂದ: ಡಾಡ್ಜಿಗೆ ಅವಸರ,
ಅವತ್ತು ಅತ್ತೆಮನೆಯಲ್ಲಿ ಊಟವಿತ್ತು.
ಯಜಮಾನ ಮೈಕು ಒರೆಸುತ್ತ:
ನಾನು ಸರಿಯಾಗೇ ಹೇಳಿದೆ.
ಸರಿಯಾಗೇ ಹೇಳಿದ್ದ. ಅದೂ ನಿಜ.

ಆಗ ಮೂಡಣದಲ್ಲಿ ಹಗ್ಗ ಸುತ್ತುವ ಹುಡುಗ ಫೀಫಿ
ಬಲೆಯ ಕಣ್ಣಿಂದ ತನ್ನ ಕಣ್ಣೆತ್ತದೆ ಅಂದ:
ನಮ್ಮದು ಒಂಬತ್ತು ಸುತ್ತಾಗಿತ್ತು.
ಪಡುವಣದಲ್ಲಿ ಸುತ್ತುವ ಎಬೊ ಅಂದ: ನಮ್ಮದು ಹದಿನೈದು.
‘ಹೇಳಬಾರದಿತ್ತೇನೋ?’
‘ಯಾರು ಕೇಳಿದ್ರು?’

ಎಲ್ಲರೂ ನಕ್ಕರು. ನಾನು ನಗಲಿಲ್ಲ.
ನನ್ನ ತೊಡೆಯ ಮೇಲಿನ ಪುಸ್ತಕದಲ್ಲಿ
ಎರಡು ವರ್ಷದ ಸುತ್ತುಗಳಿದ್ದವು,
ಮೂಡಣಕ್ಕಿಷ್ಟು, ಪಡುವಣಕ್ಕಿಷ್ಟು,
ಹಗ್ಗದ ಸವೆತಕ್ಕೆಂದು ಹುಡುಗರು ದಿನಾ ಒಪ್ಪಿಸಿದ್ದು.
ಅಂತರ ಹೆಚ್ಚಿದ ದಿನ ಮೀನು ಕಡಿಮೆ.
ಎರಡೂ ಒಂದೇ ಪುಟದಲ್ಲಿ, ನನ್ನದೇ ದುಂಡಕ್ಷರದಲ್ಲಿ.
ಬರೆಯುವುದಷ್ಟೇ ನನ್ನ ಕೆಲಸ ಅಂದುಕೊಂಡಿದ್ದೆ.
ಅವತ್ತು ಓದಿದೆ.
ಸೂಜಿಗಳು ಒಂದೊಂದಾಗಿ ನಿಂತವು.

ಈಗ ಒಂದು ಸುತ್ತಾದರೆ
ಎಬೊ ಬಕೆಟ್ಟಿನ ಹಳದಿ ಮುಚ್ಚಳ ಎತ್ತುತ್ತಾನೆ.
ಆ ತುದಿಯಲ್ಲಿ ಫೀಫಿಯ ಮುಚ್ಚಳ ಏಳುವವರೆಗೆ
ಈ ಸಾಲು ಹಿಮ್ಮಡಿ ಹೂತು, ಹಗ್ಗ ಬಿಗಿಹಿಡಿದು ಕಾಯುತ್ತದೆ.
ಕಾಯುವುದೂ ಕೆಲಸವೆಂದು ಡಾಡ್ಜಿಗೆ ಇನ್ನೂ ಒಪ್ಪಿಗೆಯಿಲ್ಲ;
ಬೈಯುತ್ತಲೇ ಕಾಯುತ್ತಾನೆ.
ಹುಡುಗರ ಪಾಲು ಕಾಲಿನಿಂದ ಅರೆಗೇರಿತು,
ಅದಕ್ಕೆ ಮೂರು ಮಂಗಳವಾರ ಹಿಡಿಯಿತು.
ಮೈಕಿನ ಕೊಂಬನ್ನು ಯಜಮಾನನೇ ಬಿಚ್ಚಿ
ಎಂಜಿನ್ನಿಗೆ ಪೆಟ್ರೋಲು ಸುರಿಯುವ ಲಾಳಿಕೆ ಮಾಡಿದ.
ಒಂದು ತೊಟ್ಟೂ ಚೆಲ್ಲುವುದಿಲ್ಲ.

ಮೊದಲ ದಿನ ಬಲೆ ಬಂದದ್ದು ನೀವು ನೋಡಬೇಕಿತ್ತು!
ಎರಡು ರೆಕ್ಕೆ ಸರಿಸಮ, ಹೊಟ್ಟೆ ನಟ್ಟನಡುವೆ,
ಗೆರೆ ಎಳೆದ ಹಾಗೆ.
ಒಳಗೆ ರಾಶಿ ಕಂದು ಪಾಚಿ,
ಎರಡು ಚಪ್ಪಲಿ, ಜೋಡಿಯಲ್ಲ,
ಒಂದು ಬೋಗುಣಿ ಮೀನು.
ಬೈಯೋಣವೆಂದರೆ ಯಾರೂ ಸಿಗಲಿಲ್ಲ.
ಹಂಚಿದೆ: ತಲೆಗೆ ನಾಲ್ಕು, ಹುಡುಗರಿಗೆ ಎರಡೆರಡು.
ಕೈ ತೊಳೆದು ಪುಸ್ತಕ ತೆರೆದು ಬರೆದೆ:
ಇಪ್ಪತ್ತೊಂದು, ಇಪ್ಪತ್ತೊಂದು.
ಬರೆಯುತ್ತ ಗಟ್ಟಿಯಾಗಿ ಓದಿದೆ,
ಅಲೆಗಿಂತ ಗಟ್ಟಿಯಾಗಿ.