ಕತ್ತಿನ ಅಳತೆ

ಹನ್ನೆರಡೂವರೆ ಅಂಗುಲ. ಬರಕೊಳ್ಳೋ ಪಿಳ್ಳಣ್ಣ.
ಬೇಡ, ಹೊಡೆದುಹಾಕು. ಅದು ಹಳೇದು, ಬಾಯಿಗೆ ಬಂತು.
ಈ ಸಲದ ದೊರೆಸಾನೀದು ಹದಿನಾಲ್ಕು.
ಬಿಚ್ಚು ಆ ಕಾಲರನ್ನ. ಮೆಲ್ಲಗೆ. ದಾರ ಕಡೀಬೇಡ, ಎಳಿ.

ಕಾಲರು ಅಂದ್ರೆ ನಿನ್ನ ಅಂಗಿಯದಲ್ಲ.
ಗಂಜಿ ಕುಡಿಸಿ ಕುಡಿಸಿ ತಗಡಾದ ಬಿಳೀ ಬಟ್ಟೆ,
ನೆರಿಗೆ ಮೇಲೆ ನೆರಿಗೆ, ಎಂಟು ಗಜ.
ಹಾಕ್ಕೊಂಡರೆ ತಲೆ
ತಟ್ಟೆ ಮೇಲಿಟ್ಟ ಹಣ್ಣಿನ ಹಂಗೆ ಕಾಣಬೇಕು.
ಅವರ ದೇಶದಲ್ಲಿ ಒಬ್ಬ ರಾಣಿ ಇದ್ದಳಂತೆ,
ರಾಜನೇ ಆಸೆಪಟ್ಟು ತಂದವಳು,
ಹಳೇ ಹೆಂಡತೀನ ಬಿಟ್ಟು, ಮಠದ ಗುರುವನ್ನೇ ಎದುರು ಹಾಕ್ಕೊಂಡು.
ಮೂರು ವರ್ಷ ತಡೆದ. ಆಮೇಲೆ ಕತ್ತಿ ತರಿಸಿದ.
ಒಬ್ಬ ವೀಣೆಯವನ ಹೆಸರು ಸೇರಿಸಿದರಂತೆ ಜನ.
ನಿಜವೋ ಸುಳ್ಳೋ, ಆ ಊರಿನ ಮಾತು.

ಅದನ್ನೇ ಆಡ್ತಾರೆ ಕ್ಲಬ್ಬಿನಲ್ಲಿ, ಕ್ರಿಸ್‌ಮಸ್ಸಿಗೆ,
ಒಂದು ಮೈಲಿ ಕೆಳಗೆ ನಮ್ಮೋರು ಕಲ್ಲು ಒಡೀತಿರುವಾಗ.

ದೊಡ್ಡ ದೊರೆ ರಾಜ. ಅವನಿಗೆ ವೇಷ ಬೇಕೆ?
ಅವನು ಕೆಮ್ಮಿದರೆ ಗಣಿಯ ಸೈರನ್ನೂ ಉಸಿರು ಹಿಡಿಯುತ್ತೆ.
ರಾಣಿ ಪಾತ್ರಕ್ಕೆ ಐದು ಹೆಂಗಸರು ಕಾದಿದ್ದರು.
ಗೆದ್ದವಳು ಪೆಂಡರನ ಹೆಂಡತಿ. ಗೆಲ್ಲಿಸಿದವನು ಪೆಂಡರ್.
ಸೂಪರಿಂಟೆಂಡೆಂಟ್ ಕುರ್ಚಿ ಖಾಲಿಯಾಗೋದಿತ್ತು.
'ದೊರೆ ಪಕ್ಕ ನಿಲ್ಲು, ನಗು' ಅಂತ ನನ್ನೆದುರೇ ಹೇಳಿದ,
ಟೇಲರಿಗೆ ಕಿವಿ ಇರಲ್ಲ ಅಂತ ಅವರ ಲೆಕ್ಕ.

ನಕ್ಕಳು. ಆದರೆ ಟೇಪು ಕತ್ತು ಸುತ್ತಿದಾಗ
ನನ್ನ ಬೆರಳ ಕೆಳಗೆ ನಾಡಿ ಹೊಡಕೊಂಡದ್ದು
ದೊರೆಗಾಗಿ ಅಲ್ಲ. ಕಿಟಕಿಯಾಚೆ ಸೈಕಲ್ ಗಂಟೆ ಆಗಿತ್ತು.
ಚಿನ್ನ ಕರಗಿಸಿ ತೂಗೋ ಆಫೀಸಿನ ಹುಡುಗ,
ನಾಟಕದಲ್ಲಿ ವೀಣೆಯವನು.

ಎರಡನೇ ಅಳತೆಗೆ ಹೋದಾಗ, ಆಯಾ ಆಚೆ ಹೋದ ಮೇಲೆ,
ತನ್ನ ಅರೆಬರೆ ತಮಿಳಿನಲ್ಲಿ ಕೇಳಿದಳು:
ಕಾಲರಿನ ಒಳಪದರದಲ್ಲಿ ಒಂದು ಜೇಬು.
ಎಷ್ಟು ದೊಡ್ಡದು?
ನಾಲ್ಕು ಮಡಿಕೆ ಹಾಕಿದ ಕಾಗದದಷ್ಟು.
ಹೊಲಿದೆ. ಕೂಲಿಗೆ ಹೊಲಿಯೋನು ಯಾಕೆ ಅಂತ ಕೇಳಲ್ಲ.
ಸುಳ್ಳು. ಕೇಳಬೇಕು ಅನ್ನಿಸಿತ್ತು. ಅವಳ ಕಿವಿಯ ಹಿಂದೆ
ಸಾಸಿವೆಯಷ್ಟು ಮಚ್ಚೆ ಇತ್ತು, ನೋಡ್ತಾ ಸುಮ್ಮನಾದೆ.

ನಾಟಕಕ್ಕೆ ಮೂರು ದಿನ ಇರುವಾಗ ಪೆಂಡರ್ ಬಂದ, ಷರಾಯಿಗೆ.
ಸ್ಟೂಲಿನ ಮೇಲೆ ನಿಂತ. ನಾನು ಬುಡದಲ್ಲಿ, ಮಂಡಿಯೂರಿ.
ಕನ್ನಡಿ ನೋಡ್ತಾನೇ ಕೇಳಿದ,
'ಅವಳ ಕಾಲರೊಳಗೆ ಏನು ಹೊಲಿದೆ?'
ಬಾಯಲ್ಲಿ ಐದು ಗುಂಡುಸೂಜಿ.
ಸುಳ್ಳು ಹೇಳೋಕೂ ನಾಲಿಗೆ ಆಡಬೇಕಲ್ಲ.
ಒಂದೊಂದೇ ತೆಗೆದು ಬಟ್ಟೆಗೆ ಚುಚ್ಚಿದೆ, ನಿಧಾನ.
ಐದನೆಯದು ತೆಗೆಯೋ ಹೊತ್ತಿಗೆ
ಅವನು ತಲೆಯಾಡಿಸಿ ಆಗಿತ್ತು.

ಕತ್ತಿ ಗಿತ್ತಿ ಇಲ್ಲ ಕಣೋ, ಇದು ಕಂಪನಿ.
ನಾಟಕ ಚೆನ್ನಾಗೇ ಆಯ್ತು. ಮೂರನೇ ಅಂಕದಲ್ಲಿ ನೆಲ ನಡುಗಿತು,
ಕೆಳಗೆಲ್ಲೋ ಬಂಡೆ ಸಿಡಿದು. ದೀಪದ ಗಾಜು ಗಿಲಿಗಿಲಿ ಅಂತು,
ಅವರು ಮಾತು ನಿಲ್ಲಿಸಲಿಲ್ಲ.
ಎಷ್ಟು ಜನ ಅಂತ ಬೆಳಗ್ಗೆ ಗೊತ್ತಾಯ್ತು. ನಿಮ್ಮ ದೊಡ್ಡಪ್ಪನೂ.
ಸೋಮವಾರ ಹುಡುಗನಿಗೆ ಬರ್ಮಾದ ತವರದ ಗಣಿಗೆ ವರ್ಗ.
ಬುಧವಾರ ಅವಳು ಮಾರಿಕುಪ್ಪಂ ಸ್ಟೇಷನ್ನಿನಲ್ಲಿ,
ಎರಡು ಟ್ರಂಕು, ಕತ್ತಿಗೆ ಒಂದು ಸರವೂ ಇಲ್ಲ.
ಸಯನೈಡ್ ದಿಬ್ಬದ ಬಿಳೀ ಧೂಳು ಎದ್ದಿತ್ತು.
ನಾನೂ ಅಲ್ಲಿದ್ದೆ, ಬೇರೆ ಕೆಲಸಕ್ಕೆ ಅಂತ.
ನನ್ನ ಕಡೆ ನೋಡಿದಳು. ಟೇಲರನ್ನ ನೋಡೋ ಹಂಗೆ.

ಪೆಂಡರಿಗೆ ಕುರ್ಚಿ ಸಿಕ್ತು.
ಯುಗಾದಿ ಹೊತ್ತಿಗೆ ಸೊಂಟ ಎರಡಂಗುಲ ಜಾಸ್ತಿ,
ಪಟ್ಟಿ ಕೂರಿಸಿ ಕೊಟ್ಟೆ. ಕೂಲಿ ಮೇಲೆ ಒಂದು ರೂಪಾಯಿ ಇಟ್ಟ.
ತಗೊಂಡೆ.

ಏನೋ ಅದು, ಕೈ ನಿಂತಿದ್ದು? ಜೇಬಾ?
ಖಾಲೀನೇ. ನಾನೂ ನೋಡಿದೀನಿ.
ಪಟ್ಟಿ ಈ ಕಡೆಯಿಂದ ಕೊಡು, ಅದನ್ನ ಮುಟ್ಟಬೇಡ.
ಬಟ್ಟೆ ಅಲ್ಲಿ ಒಂದು ನೂಲು ದಪ್ಪ ಇದ್ದರೆ
ಯಾರಿಗೆ ಗೊತ್ತಾಗುತ್ತೆ,
ಹಾಕ್ಕೊಳ್ಳೋಳಿಗೆ ಬಿಟ್ಟು.